ಬಿರುದಿನ ವಾರಸುದಾರಿಕೆಯೂ ಮಾಡದ ಕರ್ಮದ ಫಲವೂ

ಒಬ್ಬ ಮನುಷ್ಯ ತನ್ನ ಕೆಲಸದಿಂದ ಗಳಿಸಿದ ಗೌರವವು, ಆ ಕೆಲಸಕ್ಕೆ ಕೈಹಾಕದ ಅವನ ಮಗನಿಗೆ, ಅದನ್ನು ಕಣ್ಣಾರೆ ಕಾಣದ ಮೊಮ್ಮಗನಿಗೆ, ಅದು ಏನೆಂದು ಪುಸ್ತಕ ನೋಡಿ ತಿಳಿಯಬೇಕಾದ ಆರನೆಯ ತಲೆಮಾರಿನವನಿಗೆ ಸಲ್ಲುವುದು ಧರ್ಮಸಮ್ಮತವೇ ಎಂಬುದು ಮೇಲ್ನೋಟಕ್ಕೆ ಇಂಗ್ಲೆಂಡಿನ ಶ್ರೀಮಂತ ಮನೆತನಗಳಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆಯಂತೆ ತೋರಬಹುದು. ಆದರೆ ಬೆಂಗಳೂರು ಪೂರ್ವ ತಾಲ್ಲೂಕಿನ ದೊಡ್ಡನೆಕ್ಕುಂದಿಯಂಥ, ಒಂದು ಕಾಲಕ್ಕೆ ಕೆರೆ ಮತ್ತು ಗದ್ದೆಗಳ ಹಳ್ಳಿಯಾಗಿದ್ದು ಈಗ ಹೊರ ವರ್ತುಲ ರಸ್ತೆಯ ಕಚೇರಿ, ಕಾರ್ಖಾನೆ, ವಸತಿ ಸಮುಚ್ಚಯಗಳ ನಡುವೆ ಸೇರಿಹೋಗಿರುವ ಊರಿಗೂ ಅದು ದೂರದ ಪ್ರಶ್ನೆಯಲ್ಲ. ಹಳೆಯ ಮೈಸೂರು ಸೀಮೆಯ ಇಂಥ ಊರುಗಳಲ್ಲಿ ಪಟೇಲಿಕೆಯೂ ಶಾನುಭೋಗಿಕೆಯೂ ತೋಟಿಯ ಕೆಲಸವೂ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದವು, ಕಾನೂನು ಅವನ್ನು ರದ್ದು ಮಾಡಿ ಆರು ದಶಕ ಕಳೆದರೂ ಅವುಗಳ ನೆರಳು ಜಮೀನಿನ ದಾಖಲೆಗಳ ಮೇಲೂ ಮನುಷ್ಯರು ಒಬ್ಬರನ್ನೊಬ್ಬರು ಕಾಣುವ ಬಗೆಯ ಮೇಲೂ ಉಳಿದಿದೆ.

ಇಂಗ್ಲೆಂಡಿನ ಪದ್ಧತಿಯನ್ನು ಅರಿಯಲು ಕನ್ನಡ ನಾಡಿನ ಹೆಸರನ್ನೇ ಹೊತ್ತ ಪದವಿಯೊಂದನ್ನು ನೋಡಬಹುದು. 1799ರ ಮಾರ್ಚ್‌ನಲ್ಲಿ ಆನೇಕಲ್ಲು, ತಲಘಟ್ಟಪುರಗಳ ದಾರಿಯಲ್ಲಿ ಸಾಗಿ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯನ್ನು ಹಿಡಿದ ಬ್ರಿಟಿಷ್ ಸೇನೆಯ ದಂಡನಾಯಕ ಜಾರ್ಜ್ ಹ್ಯಾರಿಸ್. ಟಿಪ್ಪು ಸುಲ್ತಾನ್ ಮಡಿದದ್ದು ಆ ದಿನವೇ. ಹದಿನಾರು ವರ್ಷಗಳ ತರುವಾಯ, 1815ರ ಆಗಸ್ಟ್‌ನಲ್ಲಿ, ಬ್ರಿಟಿಷ್ ದೊರೆತನವು ಹ್ಯಾರಿಸನನ್ನು ಶ್ರೀರಂಗಪಟ್ಟಣ ಮತ್ತು ಮೈಸೂರಿನ, ಹಾಗೂ ಕೆಂಟ್ ಸೀಮೆಯ ಬೆಲ್ಮಾಂಟಿನ ಬ್ಯಾರನ್ ಹ್ಯಾರಿಸ್ ಎಂಬ ಪದವಿಗೆ ಏರಿಸಿತು. ಬ್ಯಾರನ್ ಎಂಬುದು ಅಲ್ಲಿನ ಕುಲೀನ ಪದವಿಗಳ ಐದು ಮೆಟ್ಟಿಲುಗಳಲ್ಲಿ ಕೆಳಗಿನದು. ಅದಕ್ಕಿಂತ ಮೇಲೆ ಕ್ರಮವಾಗಿ ವೈಕೌಂಟ್, ಅರ್ಲ್, ಮಾರ್ಕ್ವೆಸ್ ಮತ್ತು ಡ್ಯೂಕ್ ಪದವಿಗಳಿವೆ. ಮನೆತನದ ಲಾಂಛನದ ಶಿಖರದಲ್ಲಿ ಎದೆಗೆ ಬಾಣ ನಾಟಿದ ಹುಲಿಯೊಂದನ್ನು ಚಿತ್ರಿಸಲಾಯಿತು. 1829ರಲ್ಲಿ ಹ್ಯಾರಿಸ್ ತೀರಿಕೊಂಡ ಮೇಲೆ ಆ ಹುಲಿಯೂ ಶ್ರೀರಂಗಪಟ್ಟಣದ ಹೆಸರೂ ಅವನ ಮಗನಿಗೆ, 1845ರಲ್ಲಿ ಮೊಮ್ಮಗನಿಗೆ ಸೇರಿದವು. ಮದರಾಸಿನ ಗವರ್ನರ್ ಆಗಿ ಬಂದ ಆ ಮೂರನೆಯ ಬ್ಯಾರನ್ ಹುಟ್ಟಿದ್ದು 1810ರಲ್ಲಿ, ಕೋಟೆ ಬಿದ್ದು ಹನ್ನೊಂದು ವರ್ಷಗಳಾದ ಮೇಲೆ. ನಾಲ್ಕನೆಯವನು ಟ್ರಿನಿಡಾಡಿನಲ್ಲಿ ಹುಟ್ಟಿ, ಇಂಗ್ಲೆಂಡಿನ ಕ್ರಿಕೆಟ್ ತಂಡದ ನಾಯಕನಾಗಿ, 1890ರಿಂದ 1895ರವರೆಗೆ ಮುಂಬಯಿಯ ಗವರ್ನರ್ ಆಗಿದ್ದವನು. ಇವರು ತಮ್ಮ ತಮ್ಮ ಕೆಲಸಗಳನ್ನು ಮಾಡಿದವರೇ ಹೌದು, ಆದರೆ ಅವರ ಹೆಸರಿಗೆ ಅಂಟಿಕೊಂಡ ಶ್ರೀರಂಗಪಟ್ಟಣವು ಅವರ ಯಾವ ಕೆಲಸದ ಫಲವೂ ಆಗಿರಲಿಲ್ಲ.

ಇಂಥ ಪದವಿ ಇಳಿದು ಬರುವ ದಾರಿಯನ್ನು ನಿರ್ಧರಿಸುವುದು ದೊರೆಯ ಮುದ್ರೆಯುಳ್ಳ ಸನ್ನದು. ಹೆಚ್ಚಿನ ಸನ್ನದುಗಳು ಪದವಿಯನ್ನು ಮೊದಲ ಪುರುಷನ ದೇಹದಿಂದ ಹುಟ್ಟಿದ ಗಂಡು ಸಂತತಿಗೆ, ಅದರಲ್ಲೂ ಹಿರಿಯ ಕವಲಿಗೆ, ಮೀಸಲಿಡುತ್ತವೆ. 1791ರ ಮಾರ್ಚ್ 21ರ ರಾತ್ರಿ ಬೆಂಗಳೂರಿನ ಕೋಟೆಯನ್ನು ಹಿಡಿದ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್ ಮರುವರ್ಷ ಮಾರ್ಕ್ವೆಸ್ ಆದನು. ಅವನ ಒಬ್ಬನೇ ಮಗನಿಗೆ ಐವರು ಹೆಣ್ಣುಮಕ್ಕಳಿದ್ದರೂ ಗಂಡು ಸಂತಾನವಿರಲಿಲ್ಲವಾದ್ದರಿಂದ 1823ರಲ್ಲಿ ಆ ಮಾರ್ಕ್ವೆಸ್ ಪದವಿ ಅಳಿಯಿತು. ಅಳಿಯಸಂತಾನದ ಕಟ್ಟಿನಲ್ಲಿ, ಎಂದರೆ ಸೋದರಮಾವನಿಂದ ಸೋದರಳಿಯನಿಗೆ ಯಜಮಾನಿಕೆ ಇಳಿಯುವ ತುಳುನಾಡಿನ ಗುತ್ತುಮನೆಯೊಂದರಲ್ಲಿ, ವಂಶವನ್ನು ಎಣಿಸುವುದೇ ಹೆಣ್ಣುಮಕ್ಕಳ ಮೂಲಕವಾದ್ದರಿಂದ ಐವರು ಹೆಣ್ಣುಮಕ್ಕಳಿರುವ ಮನೆಯನ್ನು ಸಂತತಿ ಅಳಿದ ಮನೆಯೆಂದು ಯಾರೂ ಕರೆಯುತ್ತಿರಲಿಲ್ಲ. ದತ್ತುಪುತ್ರನಿಗೂ ಇಂಗ್ಲೆಂಡಿನ ಪದವಿ ಸಲ್ಲದು. ಮೈಸೂರಿನಲ್ಲಾದರೋ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಮಾಡಿಕೊಂಡ ದತ್ತಕವನ್ನು ಬ್ರಿಟಿಷ್ ಸರ್ಕಾರ ಮೊದಲು ಒಪ್ಪದಿದ್ದರೂ 1867ರಲ್ಲಿ ಒಪ್ಪಬೇಕಾಯಿತು, 2015ರಲ್ಲಿಯೂ ಅರಮನೆಯ ಉತ್ತರಾಧಿಕಾರ ಸಾಗಿದ್ದು ದತ್ತವಿಧಿಯ ಮೂಲಕವೇ. ರಕ್ತವೆಂಬುದು ಪ್ರಕೃತಿ ಕೊಟ್ಟ ಖಚಿತ ಸೇತುವೆಯೆಂದು ಒಂದು ಸಮಾಜ ನಂಬಿದರೆ, ಆ ಸೇತುವೆಯನ್ನು ಸಂಕಲ್ಪ ಮತ್ತು ಮಂತ್ರಗಳಿಂದಲೂ ಕಟ್ಟಬಹುದೆಂದು ಮತ್ತೊಂದು ನಂಬಿತು. ಹೀಗೆ ವಾರಸುದಾರ ಯಾರು ಎಂಬುದೇ ನಾಡಿನಿಂದ ನಾಡಿಗೆ ಬದಲಾಗುವಾಗ, ಗೌರವವು ತಂದೆಯಿಂದ ಮಗನಿಗೆ ತಾನಾಗಿಯೇ ಹರಿಯುತ್ತದೆ ಎಂಬ ಮಾತಿಗೆ ಬುಡವಿಲ್ಲ.

ಈ ಪ್ರಶ್ನೆಯನ್ನು ಅಳೆಯಲು ಭಾರತೀಯ ದರ್ಶನಗಳಲ್ಲಿ ಒಂದು ನಿಖರವಾದ ಮಾನದಂಡವಿದೆ. ಯಾವುದೇ ಸಿದ್ಧಾಂತವನ್ನು ಒಪ್ಪುವ ಮುನ್ನ ಅದರಲ್ಲಿ ಎರಡು ದೋಷಗಳು ಬರುತ್ತವೆಯೇ ಎಂದು ದಾರ್ಶನಿಕರು ಪರೀಕ್ಷಿಸುತ್ತಿದ್ದರು: ಮಾಡಿದ ಕರ್ಮದ ಫಲ ಮಾಡಿದವನಿಗೆ ಸಿಗದೆ ಹೋಗುವುದು ಕೃತನಾಶ, ಮಾಡದ ಕರ್ಮದ ಫಲ ಒಬ್ಬನಿಗೆ ಬಂದು ಸೇರುವುದು ಅಕೃತಾಭ್ಯಾಗಮ. ಸಂಸಾರಕ್ಕೆ ಆದಿಯುಂಟೆಂದು ಹೇಳಿದರೆ ಮೊದಲ ಹುಟ್ಟಿನ ಸುಖದುಃಖಗಳು ಯಾವ ಕರ್ಮದ ಫಲವೂ ಅಲ್ಲವೆಂದಾಗುತ್ತದೆ ಎಂದು ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ವಾದಿಸುವುದು ಈ ದೋಷವನ್ನು ತೋರಿಸಿಯೇ. ಎಲ್ಲವೂ ಕ್ಷಣಕ್ಷಣಕ್ಕೂ ಬೇರೆಯಾಗುತ್ತದೆ ಎಂಬ ಬೌದ್ಧ ಮತದ ಮೇಲೆ ಜೈನಾಚಾರ್ಯ ಹೇಮಚಂದ್ರ ಹೊರಿಸುವುದೂ ಇದೇ ದೋಷವನ್ನು. ಪರಸ್ಪರ ಒಪ್ಪದ ಮತಗಳು ಕೂಡ, ಮಾಡಿದವನೇ ಉಣ್ಣಬೇಕು ಎಂಬ ಈ ಒಂದು ನೆಲದ ಮೇಲೆ ನಿಂತು ಜಗಳವಾಡಿವೆ. ವಂಶಾನುಗತ ಬಿರುದು, ಈ ಅಳತೆಯಲ್ಲಿ, ಅಕೃತಾಭ್ಯಾಗಮದ ಶುದ್ಧ ನಿದರ್ಶನ.

ಆದರೂ ವಾದ ಇಷ್ಟಕ್ಕೇ ಮುಗಿಯುವುದಿಲ್ಲ, ಏಕೆಂದರೆ ತಂದೆಯ ಕರ್ಮದ ಫಲ ಮಗನಿಗೆ ಸೇರುವ ಒಂದು ಸಂದರ್ಭವನ್ನು ವೇದವಿಧಿಗಳ ಅರ್ಥ ನಿರ್ಣಯಿಸುವ ಮೀಮಾಂಸಕರೇ ಎದುರಿಸಿದ್ದಾರೆ. ವೈದಿಕ ಕರ್ಮದ ಫಲವು ಅದನ್ನು ಮಾಡಿದವನಿಗೇ ಸೇರತಕ್ಕದ್ದು ಎಂಬುದು ಮೀಮಾಂಸಾಸೂತ್ರಕಾರ ಜೈಮಿನಿಯ ಸಾಮಾನ್ಯ ನಿಯಮ. ಆದರೆ ಮಗ ಹುಟ್ಟಿದಾಗ ತಂದೆ ಮಾಡುವ ವೈಶ್ವಾನರ ಇಷ್ಟಿಯಲ್ಲಿ, ಜಾತೇಷ್ಟಿ ಎಂದು ಕರೆಯುವ ಆ ಯಾಗದಲ್ಲಿ, ತೇಜಸ್ಸು, ಅನ್ನಸಮೃದ್ಧಿ ಮೊದಲಾದ ಫಲಗಳನ್ನು ಶ್ರುತಿ ಹೇಳುವುದು ಶಿಶುವಿಗೆ. ಅಂಥ ಮಗನನ್ನು ಪಡೆಯುವುದು ತಂದೆಯ ಸ್ವಂತ ಬಯಕೆಯೇ ಆದ್ದರಿಂದ, ಫಲ ಮಗನಲ್ಲಿ ಕಾಣಿಸಿಕೊಂಡರೂ ಕರ್ತೃವಾದ ತಂದೆಗೆ ಅದು ಹೊರತಾಗುವುದಿಲ್ಲ ಎಂದು ಮೀಮಾಂಸಕರು ಇದಕ್ಕೆ ಸಮಾಧಾನ ಹೇಳಿದರು. ಶ್ರೀಮಂತ ಪದವಿಯ ಪರವಾಗಿ ವಾದಿಸುವವರು ಹಿಡಿಯಬಹುದಾದ ಅತ್ಯಂತ ಬಲವಾದ ನೆಲೆ ಇದೇ ಇರಬೇಕು: ಮನುಷ್ಯ ದುಡಿಯುವುದು ಮಕ್ಕಳಿಗಾಗಿ, ಆದ್ದರಿಂದ ಮಕ್ಕಳು ಉಣ್ಣುವುದೂ ಅವನ ಫಲವೇ.

ಈ ವಾದ ಸಂಪತ್ತಿನ ವಿಷಯದಲ್ಲಿ ನಿಲ್ಲುತ್ತದೆ, ಗೌರವದ ವಿಷಯದಲ್ಲಿ ನಿಲ್ಲುವುದಿಲ್ಲ. ತಂದೆ ತನ್ನ ಗದ್ದೆಯನ್ನು ಮಗನಿಗೆ ಬಿಟ್ಟರೆ ತನ್ನದನ್ನೇ ಬಿಟ್ಟಂತಾಯಿತು. ಜಾತೇಷ್ಟಿಯ ಫಲವಾದರೂ ಮಗನ ದೇಹದಲ್ಲಿ, ಬುದ್ಧಿಯಲ್ಲಿ ನೆಲೆಸಬೇಕಾದ ಶಕ್ತಿ, ಅದರಿಂದ ನೆರೆಹೊರೆಯವರ ಮೇಲೆ ಯಾವ ಭಾರವೂ ಬೀಳದು. ಗೌರವ ಇರುವುದು ಎಲ್ಲಿ? ಗೌರವ ಪಡೆದವನ ಪೆಟ್ಟಿಗೆಯಲ್ಲಿ ಅಲ್ಲ, ಗೌರವಿಸುವವರ ಮನಸ್ಸಿನಲ್ಲಿ. ಹಾಗಿರುವಾಗ ಅದನ್ನು ಮಗನಿಗೆ ವರ್ಗಾಯಿಸುವವನು ತನ್ನದಲ್ಲದ ವಸ್ತುವನ್ನು, ಇನ್ನೂ ಹುಟ್ಟದಿರುವ ಪರಜನರ ಬಾಗಿದ ತಲೆಯನ್ನು, ಉಯಿಲು ಮಾಡಿದಂತಾಗುತ್ತದೆ. ಆರನೆಯ ತಲೆಮಾರಿನ ಬ್ಯಾರನ್‌ನ ಎದುರು ಎದ್ದು ನಿಲ್ಲಬೇಕಾದವನು ಮೊದಲ ಬ್ಯಾರನ್‌ನಿಂದ ಯಾವ ಉಪಕಾರವನ್ನೂ ಪಡೆದಿರಲಾರ, ಆದರೂ ಸಾಲಗಾರನಾಗಿರುತ್ತಾನೆ. ಪದವಿ ಹೊತ್ತವನಿಗೂ ಇದು ಯಾವಾಗಲೂ ಸುಖವಾಗಿರಲಿಲ್ಲ: 1960ರಲ್ಲಿ ತಂದೆ ತೀರಿಕೊಂಡಾಗ ಟೋನಿ ಬೆನ್ ಇಚ್ಛೆಯಿಲ್ಲದೆಯೇ ವೈಕೌಂಟ್ ಸ್ಟಾನ್ಸ್‌ಗೇಟ್ ಆಗಿ, ಜನರು ಆರಿಸಿದ್ದ ಕಾಮನ್ಸ್ ಸಭೆಯ ಸ್ಥಾನವನ್ನು ಕಳೆದುಕೊಳ್ಳಬೇಕಾಯಿತು, ಹುಟ್ಟಿನಿಂದ ಬಂದ ಪದವಿಯನ್ನು ಬಿಟ್ಟುಕೊಡುವ ಹಕ್ಕು ದೊರೆತದ್ದು 1963ರ ಕಾಯಿದೆಯಿಂದ.

ಗೌರವವು ರಕ್ತದಲ್ಲಿ ಹರಿಯುತ್ತದೆ ಎಂದು ಒಪ್ಪಿದವರು ಅಗೌರವವೂ ಹರಿಯುತ್ತದೆ ಎಂದು ಒಪ್ಪಲೇಬೇಕು, ಇಂಗ್ಲೆಂಡಿನ ಕಾನೂನು ಅದನ್ನು ಹಿಂಜರಿಯದೆ ಒಪ್ಪಿತ್ತು. ರಾಜದ್ರೋಹಕ್ಕಾಗಿ ದಂಡನೆಗೊಳಗಾದವನ ರಕ್ತವೇ ಕೆಟ್ಟಿತೆಂದು ಪರಿಗಣಿಸಿ, ಅವನ ಮೂಲಕ ಯಾವ ಪದವಿಯೂ ಆಸ್ತಿಯೂ ಮಕ್ಕಳಿಗೆ ಇಳಿಯದಂತೆ ತಡೆಯಲಾಗುತ್ತಿತ್ತು. 1746ರಲ್ಲಿ ಕಿಲ್ಮಾರ್ನಾಕ್‌ನ ಅರ್ಲ್ ಶಿರಚ್ಛೇದಕ್ಕೆ ಗುರಿಯಾದಾಗ ಅವನ ಪದವಿಯೂ ಹೋಯಿತು. ರಕ್ತ ಕೆಡುವುದೆಂಬ ಈ ಕಲ್ಪನೆ ಅಲ್ಲಿನ ಕಾನೂನಿನಿಂದ ಪೂರ್ಣವಾಗಿ ತೊಲಗಿದ್ದು 1870ರಲ್ಲಿ. ಆದರೆ ಅಲ್ಲಿ ಈ ಶಿಕ್ಷೆಗೆ ಒಬ್ಬನ ಅಪರಾಧವಾದರೂ ಮೂಲವಾಗಿತ್ತು. ಕನ್ನಡ ನಾಡಿನ ಹಳ್ಳಿಯಲ್ಲಿ ಅಗೌರವವು ವಂಶಾನುಗತವಾಗಲು ಯಾರ ಅಪರಾಧವೂ ಬೇಕಾಗಿರಲಿಲ್ಲ.

ಹಳೆಯ ಮೈಸೂರು ಸೀಮೆಯ ಕೆರೆಯಾಧಾರಿತ ಹಳ್ಳಿಯಲ್ಲಿ ಪಟೇಲ ಕಂದಾಯ ಎತ್ತುತ್ತಿದ್ದ, ಸಣ್ಣಪುಟ್ಟ ವ್ಯಾಜ್ಯ ತೀರಿಸುತ್ತಿದ್ದ, ಶಾನುಭೋಗ ಲೆಕ್ಕ ಬರೆಯುತ್ತಿದ್ದ, ತಳವಾರ ಕಾವಲಿಗಿದ್ದ. ನೀರಗಂಟಿಯ ಕೆಲಸ ಕೆರೆಯದು: ತೂಬು ಎತ್ತಿ ಸರದಿಯಂತೆ ಅಚ್ಚುಕಟ್ಟಿನ ಗದ್ದೆಗಳಿಗೆ ನೀರು ಹಾಯಿಸುವುದು, ಯಾರ ಗದ್ದೆಗೂ ಹೆಚ್ಚು ಕಡಿಮೆಯಾಗದಂತೆ ನೋಡಿಕೊಳ್ಳುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ಓಡಾಡಿ ಎಲ್ಲಾದರೂ ಬಿರುಕು ಬಿಟ್ಟಿತೇ ಎಂದು ಕಣ್ಣಿಟ್ಟಿರುವುದು. ತೋಟಿಯ ಕೆಲಸಕ್ಕೆ ಹೊತ್ತುಗೊತ್ತಿರಲಿಲ್ಲ: ತಮಟೆ ಬಡಿದು ಸಾರುವುದು, ಸರ್ಕಾರದ ಕಾಗದವನ್ನು ಊರಿಂದೂರಿಗೆ ಮುಟ್ಟಿಸುವುದು, ಗಡಿಕಲ್ಲು ತೋರಿಸುವುದು, ಬೆಳೆ ಕಾಯುವುದು, ಸತ್ತ ದನವನ್ನು ಎಳೆದು ಹಾಕುವುದು. ಇವರೆಲ್ಲರಿಗೆ ಕಣದಲ್ಲಿ ರಾಶಿ ಅಳೆಯುವಾಗ ಸಲ್ಲುತ್ತಿದ್ದ ಧಾನ್ಯದ ಪಾಲಿಗೆ ಆಯವೆಂದೂ, ಕೆಲಸಕ್ಕೆ ಪ್ರತಿಯಾಗಿ ಬಿಟ್ಟ ನೆಲಕ್ಕೆ ಇನಾಮತಿಯೆಂದೂ ಹೆಸರು. ಪಟೇಲನ ಮಗ ಪಟೇಲ, ತೋಟಿಯ ಮಗ ತೋಟಿ ಎಂಬುದು ವಾಡಿಕೆಯಷ್ಟೇ ಆಗಿರದೆ ಮೈಸೂರಿನ 1908ರ ಗ್ರಾಮಾಧಿಕಾರಗಳ ಕಾಯಿದೆಯಲ್ಲಿ ಕಾನೂನಿನ ಆಕಾರವನ್ನೂ ಪಡೆದಿತ್ತು. ಊರಹಬ್ಬದಲ್ಲಿ ಮೊದಲ ವೀಳ್ಯ ಪಟೇಲರ ಮನೆಗೆ. ತಮಟೆ ಬಡಿದು ಹಬ್ಬವನ್ನು ಸಾರಿದ ತೋಟಿ ನಿಲ್ಲಬೇಕಾದದ್ದು ಗುಡಿಯ ಹೊರಗೆ. ಒಂದೇ ನಿಯಮ ಒಬ್ಬನ ಮಗನಿಗೆ ಮಾಡದ ಪುಣ್ಯದ ಫಲವನ್ನೂ ಇನ್ನೊಬ್ಬನ ಮಗನಿಗೆ ಮಾಡದ ಪಾಪದ ಫಲವನ್ನೂ ಕೊಟ್ಟಿತು. ವಂಶಾನುಗತ ಗೌರವದ ಸೊಬಗನ್ನು ಹೊಗಳುವ ಯಾವ ಮಾತೂ ಈ ಎರಡನೆಯ ಮಗನನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅದು ಅರ್ಧ ಸತ್ಯವೂ ಅಲ್ಲ.

ತೋಟಿಯ ಈ ಸ್ಥಿತಿಯನ್ನು ಕೆಲವರು ಹಿಂದಿನ ಜನ್ಮದ ಕರ್ಮದಿಂದ ಸಮರ್ಥಿಸಿದ್ದುಂಟು. ಆದರೆ ಆ ಸಮರ್ಥನೆ ಕರ್ಮಸಿದ್ಧಾಂತವನ್ನೇ ತಲೆಕೆಳಗಾಗಿಸುತ್ತದೆ, ಹೇಗೆಂದರೆ ಕರ್ಮಸಿದ್ಧಾಂತ ಹೇಳುವುದು ಪ್ರತಿಯೊಬ್ಬನ ಕರ್ಮವೂ ಅವನದೇ ಎಂದು, ವಂಶದ ನಿಯಮ ಹೇಳುವುದು ಮಗನ ಪಾಡು ತಂದೆಯಿಂದ ಬಂದದ್ದು ಎಂದು. ಎರಡನ್ನೂ ಒಟ್ಟಿಗೆ ಹಿಡಿಯಲು ಬಾರದು. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಹುಟ್ಟಿನ ಕುಲವನ್ನು ನಿರಾಕರಿಸಿ ಕಾಯಕವನ್ನು ಮುಂದಿಟ್ಟಾಗ ಈ ಗಂಟನ್ನು ಸರಿಯಾದ ಜಾಗದಲ್ಲೇ ಬಿಚ್ಚಿದರು. ಅವರಿಗೂ ಸುಮಾರು ಎರಡು ಶತಮಾನ ಮುಂಚೆ, 941ರ ಹೊತ್ತಿಗೆ, ಪಂಪನು ರಂಗಸ್ಥಳದಲ್ಲಿ ಕುಲವನ್ನು ಕೇಳಿ ಕರ್ಣನನ್ನು ಅವಮಾನಿಸಿದವರ ಎದುರಿಗೇ ದುರ್ಯೋಧನನಿಂದ ಅವನಿಗೆ ಅಂಗರಾಜ್ಯದ ಪಟ್ಟ ಕಟ್ಟಿಸಿದ್ದ.

ಸ್ವತಂತ್ರ ಭಾರತದ ಸಂವಿಧಾನ ಇದೇ ಪ್ರಶ್ನೆಗೆ ಎರಡು ಕಡೆ ಉತ್ತರಿಸಿತು. 18ನೆಯ ವಿಧಿ ಸೇನೆ ಮತ್ತು ವಿದ್ಯೆಗೆ ಸಂಬಂಧಿಸಿದವುಗಳನ್ನು ಬಿಟ್ಟು ಬೇರೆ ಬಿರುದುಗಳನ್ನು ಸರ್ಕಾರ ಕೊಡಕೂಡದೆಂದಿತು. 16ನೆಯ ವಿಧಿ ಸರ್ಕಾರಿ ಹುದ್ದೆಯ ವಿಷಯದಲ್ಲಿ ಜಾತಿ, ಮತ, ಲಿಂಗಗಳ ಜೊತೆಗೆ ವಂಶವನ್ನೂ ಭೇದಕ್ಕೆ ಕಾರಣವಾಗಿಸಬಾರದೆಂದಿತು. ಮದರಾಸಿನ 1895ರ ಕಾಯಿದೆಯಂತೆ ಗ್ರಾಮಾಧಿಕಾರಿಯ ಹುದ್ದೆಯನ್ನು ವಂಶಸ್ಥನಿಗೇ ಕೊಡುವುದು ಈ ವಿಧಿಗೆ ವಿರುದ್ಧವೆಂದು ಗಾಜುಲ ದಶರಥರಾಮರಾವ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1960ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿತು. ಮೈಸೂರು ರಾಜ್ಯದ ಗ್ರಾಮಾಧಿಕಾರಗಳ ರದ್ದತಿ ಅಧಿನಿಯಮ 1961ರಲ್ಲಿ ಆಗಿ 1963ರ ಫೆಬ್ರವರಿ 1ರಂದು ಜಾರಿಗೆ ಬಂದಿತು. ಪಟೇಲಿಕೆ, ಶಾನುಭೋಗಿಕೆಗಳು ಹೋಗಿ ಸಂಬಳದ ಗ್ರಾಮಲೆಕ್ಕಿಗ ಬಂದ, ಇನಾಮತಿ ನೆಲಗಳು ಸರ್ಕಾರಕ್ಕೆ ಸೇರಿ ಹಿಂದಿನ ಹಿಡುವಳಿದಾರರಿಗೆ ಮರುಮಂಜೂರಾಗುವ ಏರ್ಪಾಡಾಯಿತು, ಹಾಗೆ ಮರುಮಂಜೂರಾದ ನೆಲವನ್ನು ಹದಿನೈದು ವರ್ಷ ಪರಭಾರೆ ಮಾಡಬಾರದೆಂಬ ಕಟ್ಟುಪಾಡು 1978ರ ತಿದ್ದುಪಡಿಯಿಂದ ಸೇರಿತು. ಹೊರ ವರ್ತುಲ ರಸ್ತೆಯ ಆಸುಪಾಸಿನ ಜಮೀನು ಕೊಳ್ಳುವವರ ವಕೀಲರು ಹಳೆಯ ದಾಖಲೆಯಲ್ಲಿ ತೋಟಿ ಇನಾಮತಿ, ನೀರಗಂಟಿ ಇನಾಮತಿ ಎಂಬ ಮಾತು ಕಂಡೊಡನೆ ಎಚ್ಚರಗೊಳ್ಳುವುದೂ ವಂಶವೃಕ್ಷದ ಪ್ರಮಾಣಪತ್ರ ಕೇಳುವುದೂ ಈ ಕಾರಣದಿಂದ.

ಗೌರವ ಮತ್ತು ಸಂಪತ್ತನ್ನು ಬೇರ್ಪಡಿಸುವ ಗೆರೆಯನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವುದು ಧಾರವಾಡ ಸೀಮೆಯ ಕುಂದಗೋಳದ ದೇಸಾಯಿ ಮನೆತನದ ದೇಶಗತಿಯ ವ್ಯಾಜ್ಯ. ಹಿರಿಯ ಮಗನಿಗೇ ಇಡೀ ವತನ, ಎಂದರೆ ಹುದ್ದೆಯೂ ಅದಕ್ಕೆ ಬಿಟ್ಟ ನೆಲವೂ, ಸೇರುವ, ಭಾಗ ಮಾಡಲು ಬಾರದ ಪದ್ಧತಿ ಆ ಮನೆತನದ್ದಾಗಿತ್ತು. ವತನಗಳನ್ನು ಕಾನೂನು ರದ್ದು ಮಾಡಿದ ಮೇಲೂ ಮರುಮಂಜೂರಾದ ನೆಲ ಹಿರಿಯನೊಬ್ಬನದೇ ಎಂಬ ವಾದವನ್ನು 1982ರಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿ, ಹುದ್ದೆಯ ಜೊತೆಗೇ ಜ್ಯೇಷ್ಠತ್ವದ ನಿಯಮವೂ ಅಳಿಯಿತು, ನೆಲ ಕುಟುಂಬದವರೆಲ್ಲರದು, ಭಾಗಕ್ಕೆ ಅರ್ಹವಾದದ್ದು ಎಂದಿತು. ಹುದ್ದೆಯಿದ್ದಷ್ಟು ಕಾಲ ಅದನ್ನು ಹೊರಲು ಒಬ್ಬನೇ ಬೇಕಾಗಿದ್ದುದರಿಂದ ನೆಲವೂ ಒಬ್ಬನಲ್ಲಿ ನಿಂತಿತ್ತು. ಹೊರೆ ಇಳಿದ ಮೇಲೆ ಒಬ್ಬನೇ ಉಣ್ಣಲು ಕಾರಣ ಉಳಿಯಲಿಲ್ಲ.

ಪದವಿಗೂ ಹೊರೆಗೂ ಇರುವ ಈ ನಂಟು ಬೆಂಗಳೂರಿನ ನೆಲದಲ್ಲಿ ಸಾವಿರ ವರ್ಷಗಳಿಗೂ ಹಳೆಯದು. ಬೇಗೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ವೀರಗಲ್ಲು ನಾಗತ್ತರನೆಂಬ ಗಂಗ ಸೇನಾಧಿಪತಿಯ ಸಾವನ್ನು ದಾಖಲಿಸುತ್ತದೆ. ಅಯ್ಯಪದೇವನ ಪರವಾಗಿ ವೀರಮಹೇಂದ್ರನ ಸೇನೆಯೊಡನೆ ತುಂಬೆಪಾಡಿಯಲ್ಲಿ ಕಾದಿ ಅವನು ಮಡಿಯಲು, ಅದನ್ನು ಕೇಳಿ ಮೆಚ್ಚಿದ ಗಂಗ ಅರಸ ಎರೆಯಪ್ಪನು ಇರುಗ ಎಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು, ಎಂದರೆ ಬೇಗೂರಿನ ಹನ್ನೆರಡು ಹಳ್ಳಿಗಳ ಆಡಳಿತ ವಿಭಾಗವನ್ನು, ಕಲ್ನಾಡಾಗಿ ಕೊಟ್ಟನು; ಕಲ್ನಾಡು ವೀರರಿಗೆ ಕಲ್ಲಿನಲ್ಲಿ ಬರೆಸಿ ಕೊಡುತ್ತಿದ್ದ ನೆಲ. ಕಲ್ಲಿನ ಮೇಲೆ ಆನೆ, ಕುದುರೆ, ಬಿಲ್ಲುಗಳ ನಡುವೆ ಬಿದ್ದ ಹೆಣಗಳನ್ನೂ ಶಿಲ್ಪಿ ಬಿಡದೆ ಕಡೆದಿದ್ದಾನೆ. ಹ್ಯಾರಿಸನ ಸನ್ನದಿನೊಡನೆ ಹೋಲಿಸಿದರೆ ಇಲ್ಲಿನ ಭೇದ ತಟ್ಟನೆ ಕಾಣುತ್ತದೆ. ಶಾಸನದ ಒತ್ತು ಬೀಳುವುದು ರಕ್ತಸಂಬಂಧದ ಮೇಲಲ್ಲ, ಪಟ್ಟ ಕಟ್ಟಿದ ಕ್ರಿಯೆಯ ಮೇಲೆ. ಮುಂದಿನ ತಲೆಮಾರುಗಳೆಲ್ಲವನ್ನೂ ಒಮ್ಮೆಗೇ ಪದವಿಗೆ ಏರಿಸುವ ಮಾತು ಅದರಲ್ಲಿಲ್ಲ. ನಾಗತ್ತರನೆಂಬ ಹೆಸರು ತೆರವಾದ ಕಾವಲಿನ ಸ್ಥಾನದಂತಿತ್ತು, ಅದನ್ನು ಪಡೆದವನು ಮುಂದಿನ ಕಾಳಗದಲ್ಲಿ ಅದೇ ಸಾವಿಗೆ ತಾನೂ ಎದೆಯೊಡ್ಡಬೇಕಿತ್ತು. ಶ್ರವಣಬೆಳಗೊಳದ ಮಠಾಧಿಪತಿಗಳೆಲ್ಲರೂ ಚಾರುಕೀರ್ತಿ ಭಟ್ಟಾರಕರೆಂಬ ಒಂದೇ ಹೆಸರಿನಿಂದ ಕರೆಯಲ್ಪಡುವ ಪದ್ಧತಿಯಲ್ಲಿಯೂ ಇಂಥದೇ ತರ್ಕವಿದೆ. ಅಲ್ಲಿ ಹೆಸರನ್ನು ಪಡೆಯುವವನು ತನ್ನ ಪೂರ್ವಾಶ್ರಮದ ಹೆಸರನ್ನೂ ಮನೆಯನ್ನೂ ಮೊದಲು ಬಿಡಬೇಕು.

ಹಾಗಾದರೆ ಹಿರಿಯರಿಂದ ಬರುವುದು ಏನೂ ಇಲ್ಲವೇ? ವೈದಿಕ ಸಂಪ್ರದಾಯ ಇದಕ್ಕೆ ಕೊಡುವ ಉತ್ತರ ಋಣದ ಕಲ್ಪನೆಯಲ್ಲಿದೆ. ತೈತ್ತಿರೀಯ ಸಂಹಿತೆ ಹೇಳುವ ಮೂರು ಋಣಗಳಲ್ಲಿ ಋಷಿಗಳದನ್ನು ಬ್ರಹ್ಮಚರ್ಯದಿಂದ, ದೇವತೆಗಳದನ್ನು ಯಜ್ಞದಿಂದ, ಪಿತೃಗಳದನ್ನು ಸಂತಾನದಿಂದ ತೀರಿಸಬೇಕು. ಮನುಷ್ಯ ಹುಟ್ಟುವುದು ಸಾಲದೊಡನೆಯೇ ಹೊರತು ಸಲ್ಲಬೇಕಾದ ಬಾಕಿಯೊಡನೆ ಅಲ್ಲ ಎಂಬ ಈ ಭಾವನೆ ಪದವಿಯ ವಾರಸುದಾರಿಕೆಗೆ ನೇರವಾಗಿ ಎದುರು ನಿಲ್ಲುತ್ತದೆ. ಶ್ರಾದ್ಧವಿಧಿಯಲ್ಲಿ ಇನ್ನೂ ಒಂದು ಗಮನಾರ್ಹ ಮಿತಿಯಿದೆ: ಪಿಂಡ ಸಲ್ಲುವುದು ತಂದೆ, ಅಜ್ಜ, ಮುತ್ತಜ್ಜ ಎಂಬ ಮೂವರಿಗೆ ಮಾತ್ರ, ಮತ್ತೊಬ್ಬನು ತೀರಿಕೊಂಡು ಸಪಿಂಡೀಕರಣದಿಂದ ಈ ಸಾಲಿಗೆ ಸೇರಿದೊಡನೆ ಅತ್ಯಂತ ಹಿಂದಿನವನು ಹೆಸರು ಹಿಡಿದು ಕರೆಸಿಕೊಳ್ಳುವ ಹಕ್ಕನ್ನು ಬಿಟ್ಟು, ಕೈಗಂಟಿದ ಲೇಪಕ್ಕೆ ಮಾತ್ರ ಭಾಗಿಯಾಗುವ ಹಿಂದಿನ ಪಿತೃಗಳಲ್ಲಿ ಒಂದಾಗುತ್ತಾನೆ. ತಂದೆತಾಯಿಯನ್ನು ದೇವರೆಂದ ಸಂಪ್ರದಾಯವೇ ಹೆಸರುಳ್ಳ ಗೌರವಕ್ಕೆ ಮೂರು ತಲೆಮಾರಿನ ಗಡಿ ಹಾಕಿರುವಾಗ, ಸನ್ನದೊಂದು ಸಂತತಿಯಿರುವವರೆಗೂ ಗೌರವ ಕೇಳುವುದು ಅತಿಯಾಸೆ ಎನ್ನದೆ ವಿಧಿಯಿಲ್ಲ.

ಋಣವೆಂಬ ಈ ದೃಷ್ಟಿಯಿಂದ ನೋಡಿದಾಗ ಹಳ್ಳಿಯ ಹಳೆಯ ಹುದ್ದೆಗಳಲ್ಲಿ ನಿಜವಾಗಿಯೂ ಕೈ ಬದಲಾಯಿಸಬೇಕಾಗಿದ್ದದ್ದು ಪಟೇಲರ ಮನೆಯ ಮೊದಲ ವೀಳ್ಯವಲ್ಲ, ನೀರಗಂಟಿಯ ಕೆಲಸ. 1963ರ ನಂತರ ಅವನ ಇನಾಮತಿಗೆ ವಾರಸುದಾರರು ದೊರೆತರು, ದಾವೆ ಹೂಡಲೂ ಜನರಿದ್ದರು. ಅವನ ಕೆಲಸಕ್ಕೆ ವಾರಸುದಾರರಾಗಲು ಬಹುಕಾಲ ಯಾರೂ ಮುಂದೆ ಬರಲಿಲ್ಲ. ಅಚ್ಚುಕಟ್ಟಿನ ಗದ್ದೆ ಬಡಾವಣೆಯಾದ ಊರಿನಲ್ಲಿ ತೂಬಿಗೆ ಅರ್ಥ ಉಳಿಯದೆ, ಬೆಂಗಳೂರಿನ ಹೊರವಲಯದ ಕೆರೆಗಳು ಊರಿನ ಹೊಲಸು ಬಂದು ಸೇರುವ ಹೊಂಡಗಳಾದವು. ಆ ಋಣವನ್ನು ತೀರಿಸಲು ನೀರಗಂಟಿಯ ರಕ್ತವೇ ಬೇಕೆಂದಿಲ್ಲ, ಋಷಿಋಣವನ್ನು ತೀರಿಸಲು ಋಷಿಯ ಮಗನೇ ಆಗಬೇಕೆಂದಿಲ್ಲದ ಹಾಗೆ; ಕಲಿತವನು ಯಾರಾದರೂ ಅದನ್ನು ತೀರಿಸಬಲ್ಲ. ದೊಡ್ಡನೆಕ್ಕುಂದಿಯಂಥ ಊರುಗಳಲ್ಲಿ ಕೆರೆಯ ಏರಿಯ ಮೇಲೆ ನಡೆದಾಡುತ್ತ, ಒಳಹರಿವಿನಲ್ಲಿ ಏನು ಬಂತು, ಕೋಡಿಯಲ್ಲಿ ಏನು ಹೋಯಿತು ಎಂದು ನೋಡಿ ಅಧಿಕಾರಿಗಳಿಗೆ ಬರೆಯುವ ನಿವಾಸಿಗಳಲ್ಲಿ ಬೇರೆ ಜಿಲ್ಲೆಯವರೂ ಬೇರೆ ರಾಜ್ಯದವರೂ ಇದ್ದಾರೆ. ಊರಿನ ಹಳೆಯ ಮನೆಗಳ ಯಾವ ವಂಶವೃಕ್ಷದಲ್ಲಿಯೂ ಅವರ ಹೆಸರಿಲ್ಲ, ಆದರೂ ನೀರಗಂಟಿಯ ಕೆಲಸಕ್ಕೆ ಅವರೇ ಉತ್ತರಾಧಿಕಾರಿಗಳು. ಊರಹಬ್ಬದ ದಿನ ಅವರಿಗೂ, ತೋಟಿಯ ಮನೆಯವರಿಗೂ, ಪಟೇಲರ ಮನೆಯವರಿಗೂ ಒಂದೇ ತಟ್ಟೆಯಿಂದ ವೀಳ್ಯ ಸಲ್ಲುವ ಏರ್ಪಾಡನ್ನು ಮಾಡುವುದು ಯಾವ ಕಾಯಿದೆಯ ಕೈಯಲ್ಲೂ ಇಲ್ಲ, ಹಬ್ಬ ನಡೆಸುವವರ ಕೈಯಲ್ಲಿದೆ.